ಬಾವಿ ನೋಡಲು ಬಂದ ಹುಡುಗ

"ಅಯ್ಯೋ! ಏನ್ರೀ ಇದು, ಕಾಫಿನಾ?"

ಜಯಶೀಲಮ್ಮ ಬಾಯಿಗಿಟ್ಟ ಲೋಟವನ್ನು ಹಾಗೆಯೇ ಕೆಳಗಿಟ್ಟುಬಿಟ್ಟರು.

ಪ್ರಿಯದರ್ಶಿನಿಯ ಕೈಯಲ್ಲಿದ್ದ ತಟ್ಟೆ ನಡುಗಿತು. ಲೋಟದೊಳಗೆ ಇಣುಕಿದಳು... ಹಾಲು ಒಡೆದು, ಬಿಳಿ ಬಿಳಿ ಚೂರುಗಳು ಮೇಲೆ ತೇಲುತ್ತಿದ್ದವು!

ಭದ್ರಾವತಿಯ ಆ ಪುಟ್ಟ ಮನೆಗೆ ಹೆಣ್ಣು ನೋಡಲು ಶಿವಮೊಗ್ಗದ ವಿನೋಬನಗರದಿಂದ ಬಂದಿದ್ದವರು ಮೂರು ಜನ. ಹುಡುಗ ಮಲ್ಲಿಕ್, ಅವನ ತಂದೆ ಮುರುಗೇಶಪ್ಪ, ತಾಯಿ ಜಯಶೀಲಮ್ಮ. ಉಪ್ಪಿಟ್ಟು, ಕೇಸರಿಬಾತು ಎಲ್ಲ ಚೆನ್ನಾಗಿಯೇ ಆಗಿತ್ತು. ಕೊನೆಗೆ ಕಾಫಿಯೇ ಕೈಕೊಟ್ಟಿತಲ್ಲ!

"ನಮ್ಮ ಸಂಬಂಧ ಇಷ್ಟ ಇಲ್ದಿದ್ರೆ ಬಾಯಲ್ಲೇ ಹೇಳ್ಬಹುದಿತ್ತಪ್ಪ. ಹೀಗೆ ಮಾಡಿ ತೋರಿಸ್ಬೇಕಿತ್ತಾ?" ಎಂದರು ಜಯಶೀಲಮ್ಮ.

ಪ್ರಿಯದರ್ಶಿನಿಯ ತಾಯಿ ಬಸವರಾಜೇಶ್ವರಿ ಬೆವತುಹೋದರು. "ಅಯ್ಯೋ ಇಲ್ಲ ಅಕ್ಕಾ, ಅಂಥದ್ದೇನೂ ಇಲ್ಲ... ಇವತ್ತು ನಲ್ಲಿ ಬರ್ಲಿಲ್ಲ. ಹಿಡಿದಿಟ್ಟ ನೀರು ಖಾಲಿಯಾಯ್ತು ಅಂತ ಬಾವಿ ನೀರು ಹಾಕಿದ್ವಿ. ಈ ಬೇಸಿಗೆ ನಮ್ಮ ಬಾವಿ ಉಪ್ಪಾಗ್ಬಿಟ್ಟಿದೆ."

ನೆಲ ಬಾಯಿಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದಳು ಪ್ರಿಯದರ್ಶಿನಿ. ಮೆಲ್ಲಗೆ ಕಣ್ಣೆತ್ತಿ ನೋಡಿದಳು... ಮಲ್ಲಿಕ್ ಆ ಒಡೆದ ಕಾಫಿಯನ್ನು ಸದ್ದಿಲ್ಲದೆ ಪೂರ್ತಿ ಕುಡಿದು ಲೋಟ ಕೆಳಗಿಡುತ್ತಿದ್ದ!

'ಇವರಿಗೇನು ನಾಲಿಗೆ ಇಲ್ವಾ?' ಅಂದುಕೊಂಡಳು. ಆದರೂ ಎದೆಯೊಳಗೆ ಏನೋ ತಣ್ಣಗಾಯಿತು.

"ನಿಮ್ಮ ಬಾವಿ ಸ್ವಲ್ಪ ನೋಡ್ಬಹುದಾ?" ಎಂದ ಮಲ್ಲಿಕ್.

"ಹುಡುಗಿ ನೋಡೋಕೆ ಬಂದು ಬಾವಿ ನೋಡ್ತೀಯೇನೋ ಮಾರಾಯಾ!" ಎಂದು ಮುರುಗೇಶಪ್ಪ ನಕ್ಕರು. ಅವನು ನಗಲಿಲ್ಲ.

ಹಿತ್ತಲಿನ ಬಾವಿಯ ಬಳಿ ಪ್ರಿಯದರ್ಶಿನಿ ಒಂದು ಕೊಡ ಸೇದಿಕೊಟ್ಟಳು. ಅವನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ, ಮುಖ ಕಿವುಚಿದ.

"ಮೊದಲು ಹೀಗಿರ್ಲಿಲ್ಲ ರೀ" ಎಂದಳು ಮೆಲ್ಲಗೆ. "ಅಪ್ಪ ಹೋದ ಮೇಲೆ ಅಮ್ಮ, ನಾನು ಫ್ಯಾಕ್ಟರಿ ಶಿಫ್ಟಿನವರಿಗೆ ಊಟ ಮಾಡಿ ಕೊಡ್ತೀವಿ. ಈಗ ಬೇಳೆ ಎಷ್ಟು ಕುದಿಸಿದ್ರೂ ಬೇಯಲ್ಲ. ಸಾರು ಚೆನ್ನಾಗಿಲ್ಲ ಅಂತ ಜನ ಒಬ್ಬೊಬ್ಬರೇ ಬಿಡ್ತಿದಾರೆ. ಬಾವಿ ಹೋದ್ರೆ ನಮ್ಮ ಒಲೆನೂ ಹೋದ ಹಾಗೆ."

ಗೋಡೆಯಾಚೆ ಮೋಟರ್ ಒಂದೇ ಸಮ ಗುಂಯ್‌ಗುಡುತ್ತಿತ್ತು.

"ಅದು ಯಾವಾಗ ನಿಲ್ಲುತ್ತೆ?"

"ಎಲ್ಲಿ ನಿಲ್ಲುತ್ತೆ! ಟ್ಯಾಂಕರ್ ತುಂಬಿಸ್ತಾನೇ ಇರ್ತಾರೆ. ಕರೆಂಟ್ ಹೋದಾಗ ಮಾತ್ರ ನಮ್ಮ ಬಾವಿಗೆ ಉಸಿರು."

ಮಲ್ಲಿಕ್ ಬಟ್ಟೆ ಒಗೆಯುವ ಕಲ್ಲು ಹತ್ತಿ ಆಚೆ ನೋಡಿದ. ಅವನ ಮುಖದ ಕಳೆಯೇ ಇಳಿದುಹೋಯಿತು! ಕೆಳಗಿಳಿದ. "ಆಮೇಲೆ ಹೇಳಿ ಕಳಿಸ್ತೀವಿ" ಎಂದಷ್ಟೇ ಹೇಳಿ ಹೊರಟುಹೋದ.

'ಬಂದವರ ಮುಂದೆ ಕಷ್ಟ ಹೇಳ್ಕೊಂಡೆ... ಬೇಡ ಅನ್ನಿಸ್ಬಿಟ್ಟಿರ್ಬೇಕು...' ಆವತ್ತು ಪಾತ್ರೆ ತೊಳೆಯುವಾಗಲೂ ಅದೇ ಯೋಚನೆ. ಆ ನೀರಿಗೆ ಸೋಪು ಕೂಡ ನೊರೆ ಕಟ್ಟುತ್ತಿರಲಿಲ್ಲ.

ಮರುದಿನ ಪಕ್ಕದ ಮನೆಯ ಪುಷ್ಪಮ್ಮ ಏದುಸಿರು ಬಿಡುತ್ತ ಬಂದರು.

"ಏ ಮಾರಾಯ್ತಿ, ಗೊತ್ತಾಯ್ತಾ? ಹಿಂದಿನ ಬೋರು, ಆ ಟ್ಯಾಂಕರು... ಎಲ್ಲ ನಿನ್ನ ನೋಡೋಕೆ ಬಂದಿದ್ದ ಮುರುಗೇಶಪ್ಪಂದೇ ಅಂತೆ ಕಣೇ!"

ಪ್ರಿಯದರ್ಶಿನಿಗೆ ಮೈಯೆಲ್ಲ ಉರಿದುಹೋಯಿತು. ಒಂದು ಬಿಂದಿಗೆ ಬಾವಿ ನೀರು ಸೇದಿದವಳೇ ಸೊಂಟಕ್ಕೇರಿಸಿ, ಬೀದಿ ಸುತ್ತಿ ಹಿಂದಿನ ಬೋರಿನ ಶೆಡ್ಡಿಗೆ ಹೋದಳು. ಅಲ್ಲಿ ನಿಂತಿದ್ದವನು ಮಲ್ಲಿಕ್ಕೇ!

ಬಿಂದಿಗೆಯನ್ನು ಅವನ ಮುಂದೆ ಕುಕ್ಕಿದಳು.

"ನಮ್ಮ ಬಾವಿಗೆ ಉಪ್ಪು ಹಾಕಿ, ನಮ್ಮ ಮನೆಗೇ ಹೆಣ್ಣು ನೋಡೋಕೆ ಬಂದ್ರಾ? ಏನೂ ಗೊತ್ತಿಲ್ಲದವರ ಹಾಗೆ ಬೇರೆ ಕೇಳಿದ್ರಿ!"

"ಮೋಟರ್ ನಮ್ದೇ" ಎಂದ ಅವನು, ತಲೆ ತಗ್ಗಿಸಿ.

"ನಿಮ್ಮ ಸಂಬಂಧವೂ ಬೇಡ, ನಿಮ್ಮ ಮಾತೂ ಬೇಡ!"

ತಿರುಗಿ ನಡೆದಳು. ದಾರಿಯುದ್ದಕ್ಕೂ ಕಣ್ಣು ತುಂಬಿ ಬರುತ್ತಿತ್ತು. ಬಾಯಿಗೆ ಇಳಿದ ಆ ನೀರೂ ಉಪ್ಪೇ!

ವಿನೋಬನಗರದಿಂದ ಯಾವ ಸುದ್ದಿಯೂ ಬರಲಿಲ್ಲ. ಹೊಸನಗರದ ಕಡೆಯಿಂದ ಇನ್ನೊಂದು ಸಂಬಂಧ ಬಂತು. "ಈಗ ಬೇಡಮ್ಮಾ" ಎಂದಳು. ಒಡೆದ ಕಾಫಿ ಕುಡಿದ ಆ ಮುಖ ಕಣ್ಣ ಮುಂದಿನಿಂದ ಸರಿಯುತ್ತಿರಲಿಲ್ಲ.

ಒಂದು ಸಂಗತಿ ಅವಳ ಕಿವಿಗೆ ಬಿದ್ದದ್ದು ಆಗಲೇ. ಮಧ್ಯಾಹ್ನ ಫ್ಯಾಕ್ಟರಿ ಸೈರನ್ ಕೂಗುತ್ತಿದ್ದಂತೆ ಗೋಡೆಯಾಚೆಯ ಮೋಟರ್ ನಿಂತುಬಿಡುತ್ತಿತ್ತು! ಮರುದಿನ ಬೆಳಿಗ್ಗೆಯ ಸೈರನ್‌ವರೆಗೂ ಸದ್ದೇ ಇಲ್ಲ.

'ಕೆಟ್ಟಿರ್ಬೇಕು' ಎಂದುಕೊಂಡಳು ಮೊದಲು. ಆದರೆ ದಿನವೂ ಅದೇ ಹೊತ್ತಿಗೆ ಕೆಡುವ ಮೋಟರ್ ಎಲ್ಲಾದರೂ ಉಂಟೇ?

ಮಳೆಗಾಲ ಬಂತು, ಹೋಯಿತು. ದೀಪಾವಳಿ ಕಳೆದ ಮೇಲೆ ಒಂದು ದಿನ, ಮಧ್ಯಾಹ್ನವಾಗುತ್ತಿದ್ದಂತೆ ಬಸವರಾಜೇಶ್ವರಿ ಅಡುಗೆಮನೆಯಿಂದ ಕೂಗಿದರು.

"ಪ್ರಿಯಾ! ಬಾರೇ ಇಲ್ಲಿ! ಬೇಳೆ ನೋಡೇ!"

ಓಡಿಹೋಗಿ ನೋಡಿದಳು. ಬಾವಿ ನೀರಲ್ಲಿಟ್ಟ ತೊಗರಿಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು! ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದರು. ಎಷ್ಟೋ ತಿಂಗಳಿಂದ ಎದೆಯ ಮೇಲಿದ್ದ ಭಾರವನ್ನು ಯಾರೋ ಎತ್ತಿಟ್ಟ ಹಾಗಾಯಿತು.

ಪ್ರಿಯದರ್ಶಿನಿ ಅದೇ ನೀರಲ್ಲಿ ಡಿಕಾಕ್ಷನ್ ಇಳಿಸಿದಳು. ಉಸಿರು ಬಿಗಿಹಿಡಿದು ಹಾಲು ಬೆರೆಸಿದಳು... ಒಡೆಯಲಿಲ್ಲ!

ದಿನವೂ ಸೈರನ್‌ಗೆ ಸರಿಯಾಗಿ ನಿಲ್ಲುತ್ತಿದ್ದ ಮೋಟರ್ ನೆನಪಾಯಿತು. ಮತ್ತೇನೂ ಯೋಚಿಸಲಿಲ್ಲ. ಸ್ಟೀಲ್ ಲೋಟಕ್ಕೆ ಬಟ್ಟಲು ಮುಚ್ಚಿ ಹೊರಟೇಬಿಟ್ಟಳು. ಅವಳು ಶೆಡ್ ಸೇರುವುದಕ್ಕೂ ಮಧ್ಯಾಹ್ನದ ಸೈರನ್ ಕೂಗುವುದಕ್ಕೂ ಸರಿಹೋಯಿತು. ಮಲ್ಲಿಕ್ ಸ್ವಿಚ್ ಆರಿಸಿದ.

"ಇನ್ನೊಂದು ಲೋಡ್ ತುಂಬಿಸಿ ಕೊಡೋ ಮಾರಾಯಾ!" ಟ್ಯಾಂಕರ್ ಡ್ರೈವರ್ ಓಬಯ್ಯ ರೇಗಿದ. "ಸೈರನ್ ಕೂಗೋದು ಫ್ಯಾಕ್ಟರಿಗೆ, ನಿನ್ನ ಮೋಟರಿಗಲ್ಲ!"

"ಆಗಲ್ಲ ಓಬಯ್ಯ. ಇಲ್ಲಿ ಮೇಲೆ ಸಿಹಿನೀರು, ಅಡಿಯಲ್ಲಿ ಉಪ್ಪುನೀರು. ಹದವಾಗಿ ಎತ್ತಿದ್ರೆ ಸಿಹಿನೀರೇ ಸಿಗುತ್ತೆ. ಬಿಡದೆ ಎಳೆದ್ರೆ ಅಡಿದು ಮೇಲೆ ಬರುತ್ತೆ. ಅದಕ್ಕೇ ಪಂಪ್ ಕೂಡ ಮೇಲಕ್ಕೆ ಎತ್ತಿಸಿದೀನಿ."

"ನಿಮ್ಮಪ್ಪ ನೋಡ್ಕೊಳ್ತಿದ್ದಾಗ ಈ ರಗಳೆ ಇರ್ಲಿಲ್ಲ ನೋಡು!"

"ಅಪ್ಪನ ಹತ್ರ ಜಗಳ ಆಡೇ ಇದನ್ನ ನನ್ನ ಕೈಗೆ ತಗೊಂಡಿದ್ದು. ಆ ಗೋಡೆ ಹಿಂದೆ ಒಂದು ಬಾವಿ ಇದೆ ಓಬಯ್ಯ. ಅದು ನಮ್ಮಿಂದ ಕೆಟ್ಟಿದ್ದು."

ಪ್ರಿಯದರ್ಶಿನಿಯ ಕಾಲುಗಳು ಅಲ್ಲೇ ನಿಂತುಹೋದವು. ಓಬಯ್ಯ ಅವಳನ್ನು ನೋಡಿದ, ಲೋಟ ನೋಡಿದ, ಮೀಸೆಯಲ್ಲೇ ನಕ್ಕು ಟ್ಯಾಂಕರ್ ಹತ್ತಿದ.

"ತಗೊಳ್ಳಿ" ಎಂದು ಲೋಟ ಚಾಚಿದಳು.

ಅವನು ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿ ಇನ್ನೊಂದು ಗುಟುಕು. ಭುಜ ಸಡಿಲಿಸಿ ಉದ್ದಕ್ಕೆ ಉಸಿರು ಬಿಟ್ಟ.

"ಬಾವಿದೇ ನೀರಾ?"

"ಬಾವಿದೇ."

"ಉಪ್ಪಿಲ್ಲ..." ಎಂದು ಉಳಿದದ್ದನ್ನೂ ಕುಡಿದು ಮುಗಿಸಿದ.

"ಆವತ್ತೇ ಯಾಕೆ ಹೇಳ್ಲಿಲ್ಲ? ನಾನು ಅಷ್ಟೊಂದು ಬೈದೆ... ಬಾಯಿ ಮುಚ್ಕೊಂಡು ನಿಂತಿದ್ರಲ್ಲ!"

"ಏನಂತ ಹೇಳ್ಲಿ? ನಾನು ಶಿವಮೊಗ್ಗದ ಅಂಗಡಿ ನೋಡ್ಕೊಂಡು ಇದ್ದೆ, ಆ ಕಲ್ಲು ಹತ್ತಿ ನಮ್ಮ ಟ್ಯಾಂಕರ್ ನೋಡೋವರೆಗೂ ಇಲ್ಲಿದು ಗೊತ್ತಿರ್ಲಿಲ್ಲ ಅಂತಲೇ? ಅದಕ್ಕೆ ನಿಮ್ಮ ಬೇಳೆ ಬೇಯುತ್ತಾ? ಬಾವಿ ಸರಿ ಮಾಡದೆ ಯಾವ ಮುಖ ಹೊತ್ಕೊಂಡು ನಿಮ್ಮ ಬಾಗಿಲಿಗೆ ಬರ್ಲಿ?"

"ಅಷ್ಟರಲ್ಲಿ ನನಗೆ ಬೇರೆ ಕಡೆ ಮದುವೆ ಆಗಿದ್ರೆ?"

"ಆಗ್ಲೂ ಬಾವಿ ಸಿಹಿ ಆಗ್ಲೇಬೇಕಿತ್ತಲ್ಲ" ಎಂದ. ಆಮೇಲೆ ತಡೆಯಲಾರದೆ, "ಹೊಸನಗರದವರಿಗೆ ಬೇಡ ಅಂದ್ರಿ ಅಂತ ಕೇಳಿದ ದಿನ ಮಾತ್ರ ನೆಮ್ಮದಿಯಾಗಿ ಊಟ ಮಾಡಿದೆ" ಎಂದುಬಿಟ್ಟ.

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಒಂದು ಕೇಳ್ಲಾ? ಆ ಒಡೆದ ಕಾಫಿನ ಯಾಕೆ ಪೂರ್ತಿ ಕುಡಿದ್ರಿ?"

"ನಿಮ್ಮ ಕೈ ನಡುಗ್ತಿತ್ತು. ನಾನೂ ಲೋಟ ಕೆಳಗಿಟ್ಟಿದ್ರೆ ನೀವು ಅತ್ತೇಬಿಡ್ತಿದ್ರಿ."

ಪ್ರಿಯದರ್ಶಿನಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಅಮ್ಮನಿಗೆ ಹೇಳ್ಲಾ... ನೀವು ಮತ್ತೆ ಬರ್ತೀರಿ ಅಂತ?"

"ಬರ್ತೀನಿ. ಈ ಸಲ ಬಾವಿ ನೋಡೋಕಲ್ಲ. ಯಾವಾಗ ಬರ್ಲಿ?"

ಖಾಲಿ ಲೋಟ ಕೈಗೆ ತೆಗೆದುಕೊಂಡು ಅವಳು ನಕ್ಕಳು.

"ಸೈರನ್ ಕೂಗಿದ ಮೇಲೆ, ಮೋಟರ್ ನಿಲ್ಲಿಸಿ ಬನ್ನಿ."