ಇಪ್ಪತ್ತನೇ ಬಾಲ

“ಆ ಬಾಲ ಅಳಿಸಿ ಚೂಪು ಮಾಡು. ಆಮೇಲೆ ಶೀಟು ಗೋಡೆಗೆ ಹಾಕ್ತೀನಿ,” ಎಂದು ಸೈನ್ಸ್ ಮಿಸ್ ರಬ್ಬರ್ ಮುಂದಿಟ್ಟರು.

ಗುಬ್ಬಿ ಕೈ ಕಟ್ಟಿಕೊಂಡು ನಿಂತಳು. ರಬ್ಬರ್ ಮುಟ್ಟಲಿಲ್ಲ.

ಶನಿವಾರ ಶಾಲೆಯಲ್ಲಿ ಎಕ್ಸಿಬಿಷನ್. ಗುಬ್ಬಿ ಬರೆದದ್ದು ಶಾಲೆಯ ಹಿಂದಿನ ನಿಂಬೆ ಗಿಡದ ಬೇರುಮಣ್ಣಿನಲ್ಲಿದ್ದ ದುಂಡುಹುಳುವಿನ ಚಿತ್ರ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳು ಅದು. ಗುಬ್ಬಿಯ ಅತ್ತೆಗೆ ಲ್ಯಾಬಿನಲ್ಲಿ ಅಂಥ ಹುಳುಗಳನ್ನು ಗುರುತಿಸುವುದೇ ಕೆಲಸ. ಅತ್ತೆಯ ಮೈಕ್ರೋಸ್ಕೋಪಿನಲ್ಲಿ ಗುಬ್ಬಿಯೇ ಕಣ್ಣಿಟ್ಟು ನೋಡಿದ್ದಳು. ಕ್ಲಾಸಿನ ಗೋಡೆಯ ಚಾರ್ಟಿನಲ್ಲಿದ್ದ ದುಂಡುಹುಳುವಿಗೆ ಸೂಜಿಯಂಥ ಬಾಲ. ಇದಕ್ಕೆ ಮೋಟು ಬಾಲ.

“ಕಂಡಿದ್ದನ್ನೇ ಬರ್ದಿದೀನಿ ಮಿಸ್. ಇದು ಹೊಸ ಜಾತಿ.”

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಹಿಂದಿನ ಬೆಂಚಿನವರು ಅವಳಿಗೆ ‘ಹುಳು ಸೈಂಟಿಸ್ಟ್’ ಎಂದು ಹೆಸರನ್ನೂ ಇಟ್ಟುಬಿಟ್ಟರು. ಗುಬ್ಬಿಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದರೆ ಅತ್ತೆಯೂ ಮಿಸ್ ಪಾರ್ಟಿ. “ಒಂದು ಹುಳು ನೋಡಿ ಹೊಸ ಜಾತಿ ಅನ್ನೋಕಾಗಲ್ಲ ಕಣೇ. ಗಾಜಿನ ಕೆಳಗೆ ಬಾಲ ಜಜ್ಜಿಹೋಗಿರಬಹುದು. ಇಪ್ಪತ್ತಾದ್ರೂ ನೋಡ್ಬೇಕು.”

“ಇಪ್ಪತ್ತು ತಾನೇ? ತರ್ತೀನಿ.”

ಮರುದಿನ ಊಟದ ಬಿಡುವಿನಲ್ಲಿ ಟಿಫಿನ್ ಬಾಕ್ಸಿನ ಚಮಚದಲ್ಲೇ ಮಣ್ಣು ಅಗೆದಳು. ಯಾರು ನಕ್ಕರೂ ತಲೆ ಎತ್ತಲಿಲ್ಲ. ಲ್ಯಾಬಿನಲ್ಲಿ ಅತ್ತೆ ಜರಡಿಗೆ ಟಿಶ್ಯೂ ಹಾಸಿ, ಮಣ್ಣು ಹರಡಿ, ಅದು ನೆನೆಯುವಂತೆ ಕೆಳಗೆ ನೀರಿನ ತಟ್ಟೆ ಇಟ್ಟಳು. ಒಂದು ದಿನ ಕಳೆಯುವಷ್ಟರಲ್ಲಿ ಹುಳುಗಳು ತಾವಾಗಿಯೇ ನೀರಿಗಿಳಿದಿದ್ದವು.

ಶುಕ್ರವಾರ ಸಂಜೆ ಅತ್ತೆ ಒಂದೊಂದೇ ಹುಳುವನ್ನು ಎತ್ತಿ ಗಾಜಿನ ಮೇಲಿಟ್ಟುಕೊಟ್ಟಳು. ಗುಬ್ಬಿ ನೋಡುತ್ತ ಹೋದಳು, ಬರೆಯುತ್ತ ಹೋದಳು. ಮೋಟು. ಮೋಟು. ಇದೂ ಮೋಟು. ಹತ್ತೊಂಬತ್ತು ಆಗುವಾಗ ಗುಬ್ಬಿ ಕುಣಿಯುವುದೊಂದು ಬಾಕಿ. ಕೊನೆಯ ಹುಳುವನ್ನು ಇಟ್ಟುಕೊಟ್ಟು ಅತ್ತೆ ತಟ್ಟೆ ತೊಳೆಯಲು ಸಿಂಕಿನ ಕಡೆ ಹೋದಳು.

ಇಪ್ಪತ್ತನೆಯದರ ಬಾಲ ಸೂಜಿಯಂತೆ ಚೂಪಾಗಿತ್ತು.

ಹಾಳು ಹುಳುವೇ, ನೀನು ಇವತ್ತೇ ಬರಬೇಕಿತ್ತಾ ಎಂದು ಗುಬ್ಬಿ ಬೈದುಕೊಂಡಳು. ಯಾರೂ ನೋಡಿಲ್ಲ. ಗಾಜನ್ನು ಒಮ್ಮೆ ಒರೆಸಿದರೆ ಮುಗಿಯಿತು. ಬೆರಳು ಗಾಜಿನವರೆಗೂ ಹೋಯಿತು. ಅಷ್ಟರಲ್ಲಿ ಮಿಸ್ ಮುಂದಿಟ್ಟ ರಬ್ಬರ್ ನೆನಪಾಯಿತು.

ಬೆರಳು ಹಿಂದಕ್ಕೆ ಬಂತು. ಪೆನ್ಸಿಲ್ ಹಿಡಿದು ಚೂಪು ಬಾಲವನ್ನೂ ಬರೆದಳು.

ಅತ್ತೆ ಬಂದು ಬಗ್ಗಿ ನೋಡಿದಳು. ಇದು ಬೇರೆ ಜಾತಿಯದಾಗಿರಬಹುದು, ಇಲ್ಲವೇ ಅದೇ ಜಾತಿಯ ಗಂಡಿರಬಹುದು, ಅಳೆದು, ಪುಸ್ತಕಗಳ ಜೊತೆ ಹೋಲಿಸಿ ನೋಡಲು ತಿಂಗಳುಗಳೇ ಬೇಕು ಎಂದಳು. ಹೊಸದು ಎಂದು ಮಾತ್ರ ಹೇಳಲಿಲ್ಲ. ಆದರೆ ಹತ್ತೊಂಬತ್ತು ಬಾಲಗಳೂ ಜಜ್ಜಿಹೋಗಿರಲು ಸಾಧ್ಯವಿಲ್ಲ ಎಂದು ಒಪ್ಪಿಕೊಂಡಳು.

ಶನಿವಾರ ಬೆಳಿಗ್ಗೆ ಮಿಸ್ ಹೊಸ ಶೀಟು ನೋಡಿ ಕೊನೆಯ ಚಿತ್ರದ ಮೇಲೆ ಬೆರಳಿಟ್ಟರು. “ಇದೊಂದು ಸರಿಯಾಗಿದೆ. ಇದನ್ನಿಟ್ಟು ಉಳಿದಿದ್ದು ಅಳಿಸು.”

“ಆಗಲ್ಲ ಮಿಸ್. ಅದೊಂದನ್ನ ಅಳಿಸೋಕೆ ನಂಗೂ ಆಸೆಯಾಗಿತ್ತು. ಅಳಿಸ್ಲಿಲ್ಲ. ಇವನ್ನೂ ಅಳಿಸಲ್ಲ.”

ಮಿಸ್ ಶೀಟನ್ನೇ ನೋಡುತ್ತ ಕುಳಿತರು. ಅದು ಗೋಡೆಗೆ ಹೋಗುತ್ತದೋ ಇಲ್ಲವೋ ಗುಬ್ಬಿಗೆ ಗೊತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ‘ಹುಳು ಸೈಂಟಿಸ್ಟ್’ ಎಂದು ಪಿಸುಗುಟ್ಟಿದರು.

“ಏನು?” ಎಂದು ಗುಬ್ಬಿ ತಿರುಗಿದಳು, ಅದು ತನ್ನದೇ ಹೆಸರು ಎನ್ನುವಂತೆ.