ಮುಳುಗುವ ಗವಿಯ ಮೂರು ಫೋಟೋ

“ಐರಣಿ ಗವಿಯೊಳಗಿನ ಕಲ್ಲಕುದುರಿನೂ ಕಾಣಬೇಕು, ಹೊರಗಿನ ಹೊಳಿನೂ ಕಾಣಬೇಕು. ಒಂದ ಫೋಟೋದಾಗ! ತಗದು ತಂದಿ ಅಂದ್ರ ಐತವಾರದ ಮದುವಿಗೆ ಕ್ಯಾಮೆರಾ ನಿನ್ನ ಕೈಯಾಗ. ಇಲ್ಲಾಂದ್ರ ಆಲ್ಬಮ್ ಅಂಟಿಸ್ಕೋತ ಕುಂದ್ರು.”

ಬ್ಯಾಡಗಿಯ ಸ್ಟುಡಿಯೋದಲ್ಲಿ ಅಪ್ಪ ಶಂಕ್ರಪ್ಪ ಹೀಗೆ ಸವಾಲು ಹಾಕಿದ್ದೇ ತಡ, ಭುವನಾ ಟ್ರೈಪಾಡ್ ಹೆಗಲಿಗೇರಿಸಿ ಐರಣಿಯ ದಾರಿ ಹಿಡಿದಳು. 2008ರ ಜುಲೈ. ಘಟ್ಟದಲ್ಲಿ ಸುರಿದ ಮಳೆಗೆ ತುಂಗಭದ್ರೆ ಉಬ್ಬಿದ್ದಳು; ಇಲ್ಲಿ ಮಾತ್ರ ಕಣ್ಣು ಕುಕ್ಕುವ ಬಿಸಿಲು. ಕೆಂಪು ನೀರು ಬಂಡೆಗಳ ಸುತ್ತ ಸುಳಿ ಸುತ್ತುತ್ತ, ದಡದ ಜಾಲಿಗಿಡಗಳನ್ನು ಅರ್ಧ ಮುಳುಗಿಸಿ ಓಡುತ್ತಿತ್ತು.

“ಲಗೂ ಹತ್ತವ್ವಾ, ಹೊಳಿ ಏರಿ ಸಂಜಿಗೆ ಗವಿ ಬಾಯಿ ಮುಚ್ಚತೈತಿ,” ಎಂದ ಹರಗೋಲಿನ ಚಮನಸಾಬ. “ಆಮ್ಯಾಲೆ ದೀಪಾವಳಿಗೇ ತೆರಿಯೂದು.”

ಹರಗೋಲು ಬುಗುರಿಯಂತೆ ತಿರುಗಿತು. ಭುವನಾ ಕ್ಯಾಮೆರಾ ಚೀಲವನ್ನು ಎದೆಗವಚಿಕೊಂಡಳು. ಚಮನಸಾಬ ಬಂಡೆಗೆ ಜಿಗಿದು ಹಗ್ಗ ಬಿಗಿದ.

ಗವಿಯಲ್ಲಿ ಮೊಣಕಾಲುದ್ದ ನೀರು. ಕತ್ತಲ ಗೋಡೆಯಲ್ಲಿ ಯಾವ ಕಾಲದ್ದೋ ಕುದುರೆ ಸವಾರನ ಕೆತ್ತನೆ, ಹೊರಗೆ ಬಿಸಿಲಿಗೆ ಧಗಧಗಿಸುವ ಹೊಳೆ. ಎರಡನ್ನೂ ಒಂದೇ ಹೊಡೆತಕ್ಕೆ ಹಿಡಿಯುವುದು ಆಗದ ಮಾತು. ಅದಕ್ಕೇ ಕಪ್ಪಗೊಂದು, ಹದವಾಗೊಂದು, ಬೆಳ್ಳಗೊಂದು ತೆಗೆದು ಕಂಪ್ಯೂಟರಿನಲ್ಲಿ ಬೆರೆಸುವುದು ಅವಳ ಉಪಾಯ.

ಟಕ್. ಟಕ್. ಟಕ್.

ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಳು. ಬೆಳ್ಳಗಿನದರಲ್ಲಿ ಕುದುರೆ ಮಸುಕು!

ಹುಟ್ಟುಗುಣವಾದರೂ ಸುಟ್ಟರೆ ಹೋದೀತು, ಮದುವೆ ಮನೆಯ ಚಾಳಿ ಹೋಗದು. ಅಲ್ಲಿ ಫ್ಲ್ಯಾಶ್‌ಗೆ ಹೊಂದಿಸಿದ ಶಟರನ್ನು ಮುಟ್ಟುವಂತಿಲ್ಲ, ಬೆಳಕಿನ ಕಿಂಡಿಯಾದ ಅಪರ್ಚರ್ ಮಾತ್ರ ತಿರುವಬೇಕು ಎಂಬುದು ಅಪ್ಪನ ಪಾಠ. ಬೆರಳು ತಾನಾಗಿ ಅದನ್ನೇ ಮಾಡಿತ್ತು. ಆ ಕಿಂಡಿ ಹಿಗ್ಗಿದ್ದರಿಂದ ಹತ್ತಿರದ ಕುದುರೆ ಫೋಕಸ್ ತಪ್ಪಿ ಕಲಸಿಹೋಗಿತ್ತು.

“ನೀರು ತೊಡಿಗೆ ಬಂತು, ನಡಿ!”

“ಕಾಕಾ, ಇನ್ನೊಂದ ಸಲ!”

“ಹುಚ್ಚಿ ಅದೀ!” ಎಂದು ಬೈಯುತ್ತಲೇ ಚಮನಸಾಬ ಓಲಾಡುವ ಟ್ರೈಪಾಡಿನ ಕಾಲುಗಳಿಗೆ ಕಲ್ಲು ಜಡಿದ.

ಐಎಸ್‌ಒ ನೂರು. ಅಪರ್ಚರ್ ಹನ್ನೊಂದು, ಇನ್ನು ಅದನ್ನು ಮುಟ್ಟುವಂತಿಲ್ಲ. ಬದಲಾಗುವುದು ಶಟರ್ ತೆರೆದಿರುವ ಹೊತ್ತು ಮಾತ್ರ: ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗ, ಮೂವತ್ತನೇ ಒಂದು ಭಾಗ, ಕಾಲು ಸೆಕೆಂಡು. ಬೆರಳು ತಾಗಿ ಅಲುಗದಂತೆ ಟೈಮರ್. ಉಸಿರು ಬಿಗಿಹಿಡಿದಳು.

ಮೂರೂ ಸ್ಪಷ್ಟವಾಗಿ ಬಂದವು! ಭುವನಾ ಕುಣಿದೇಬಿಡುತ್ತಿದ್ದಳು, ನೀರು ಸೊಂಟಕ್ಕೆ ಬಾರದಿದ್ದರೆ. ಹರಗೋಲು ಮೂರು ಸುತ್ತು ಗಿರಕಿ ಹೊಡೆದು ಅರ್ಧ ಮೈಲಿ ಕೆಳಗೆ ದಡ ಮುಟ್ಟಿತು.

ಮರುದಿನ ಸ್ಟುಡಿಯೋದಲ್ಲಿ ಮೂರನ್ನೂ ಬೆರೆಸಿದಾಗ ಬಣ್ಣಗಳು ಮೆಣಸಿನಕಾಯಿ ರಾಶಿಯಂತೆ ಕಣ್ಣಿಗೆ ರಾಚಿದವು. ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದಳು. ಕೊನೆಗೆ ಕುದುರೆಯ ಲಗಾಮೂ ಹೊಳೆಯಾಚೆಯ ಬಂಡೆಯೂ ಒಟ್ಟಿಗೇ ಮೂಡಿದವು.

ಅಪ್ಪ ಕನ್ನಡಕ ಒರೆಸಿ ನೋಡಿದ. ಮತ್ತೊಮ್ಮೆ ನೋಡಿದ. ಮೂವತ್ತು ವರ್ಷ ಈ ಕಸುಬಿನಲ್ಲಿ ಯಾರನ್ನೂ ಏನೂ ಕೇಳದ ಮನುಷ್ಯ ಕುರ್ಚಿಯನ್ನು ಮಗಳ ಪಕ್ಕಕ್ಕೆ ಎಳೆದುಕೊಂಡ.

“ಐತವಾರ ನೀನ ತೆಗಿ. ಈಗ ಹೇಳು, ಶಟರ್ ಎಷ್ಟಿಟ್ಟಿದ್ದಿ?”