ಮೂಗು ಮುಚ್ಚಿಕೊಂಡು ಹಾಕಿದ ನೀರು

"ಛೀ! ಮೊದಲು ಎತ್ಕೊಂಡು ಹೋಗಿ ಇದನ್ನ!"

ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ಮೇಜಿನ ಮೇಲೆ ಕುಕ್ಕಿ ಅವಳು ಮೂಗು ಮುಚ್ಚಿಕೊಂಡಳು.

ಕುಂಡವನ್ನು ಎದೆಗವಚಿಕೊಂಡು ಬಂದವನು ಬಾಗಿಲಲ್ಲೇ ತಬ್ಬಿಬ್ಬಾಗಿ ನಿಂತ. ಕುಂಡದಲ್ಲಿ ಮೊಳದೆತ್ತರದ ಗಿಡ. ಬೂದಿ ಬಳಿದಂಥ ದುಂಡು ದುಂಡು ಎಲೆ.

"ನೀಲಗಿರಿ ಮೇಡಂ ಇದು. ಘಮಘಮ ಅನ್ನುತ್ತೆ ಅಂತ ಜನ ಹುಡ್ಕೊಂಡು ಬಂದು ತಗೊಂಡು ಹೋಗ್ತಾರೆ!"

"ನನಗೆ ವಾಂತಿ ಬರುತ್ತೆ!"

ಅಷ್ಟರಲ್ಲಿ ಅವನ ಕಣ್ಣು ಮೇಜಿನ ಮೇಲೆ ಬಿತ್ತು. ಗುಲಾಬಿ ಮೇಣದ ಒಸಡಿನಲ್ಲಿ ಸಾಲಾಗಿ ಕೂತ ಹದಿನಾಲ್ಕು ಹಲ್ಲು! ಅವನು ಮುಖ ಕಿವುಚಿದ.

"ಥೂ... ಇದನ್ನ ಮುಟ್ಟಿದ ಕೈಯಲ್ಲೇ ಊಟ ಮಾಡ್ತೀರಾ?"

"ನಿಮ್ಮ ಉಗುರು ನೋಡ್ಕೊಳ್ಳಿ ಮೊದಲು!"

ಅವನ ಉಗುರುಗಳ ತುಂಬ ಕಪ್ಪು ಮಣ್ಣು. ಮೈಯಿಂದ ಮೀನುಗೊಬ್ಬರದ ನಾತ. ಈ ಮನುಷ್ಯನಿಗೆ ಸೋಪು ಅನ್ನೋದು ಗೊತ್ತೇ ಇಲ್ವಾ...!

ಅದು ಹಲ್ಲಿನ ಆಸ್ಪತ್ರೆಯೊಂದರ ಹಿಂದಿನ ಕೋಣೆ. ಅವಳು ಅಲ್ಲಿ ಹಲ್ಲಿನ ಸೆಟ್ಟು ಕಟ್ಟುತ್ತಿದ್ದಳು. ಅವನು ಆಫೀಸುಗಳಲ್ಲಿ ಗಿಡ ಇಟ್ಟು ನೋಡಿಕೊಳ್ಳುವವನು. ಎಲ್ಲರ ಬಾಯಲ್ಲಿ ಅವನು ಬರೀ 'ಗಿಡದವನು'. ಗಿಡ ತರಿಸಿದ್ದು ಡಾಕ್ಟರಮ್ಮ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಕಿಟಕಿ ಆ ಕಟ್ಟಡದಲ್ಲಿ ಇದ್ದದ್ದು ಒಂದೇ, ಅವಳ ಮೇಜಿನ ಪಕ್ಕದ್ದು. ಡಾಕ್ಟರಮ್ಮನ ಮಾತಿಗೆ ಎದುರಿಲ್ಲ. ಗಿಡ ಅಲ್ಲೇ ಕೂತಿತು.

ಪ್ರತಿ ಮಂಗಳವಾರ ಅವನು ಬರುತ್ತಿದ್ದ. ಗಿಡ ಒಂದೇ ಕಡೆ ವಾಲದಂತೆ ಕುಂಡ ತಿರುಗಿಸುತ್ತಿದ್ದ, ತುದಿ ಚಿವುಟುತ್ತಿದ್ದ. ಚಿವುಟಿದಾಗಲೆಲ್ಲ ಆ ವಾಸನೆ ಭಗ್ಗನೆ ಏಳುತ್ತಿತ್ತು. ಅವನು ಬಂದನೆಂದರೆ ಅವಳು ಚಹಾದ ಲೋಟವನ್ನು ಆಚೆ ಸರಿಸುತ್ತಿದ್ದಳು. ಅವನೂ ಅಷ್ಟೇ, ಹಲ್ಲುಗಳ ಕಡೆ ತಿರುಗಿಯೂ ನೋಡದೆ ಗೋಡೆ ಹಿಡಿದು ನಡೆಯುತ್ತಿದ್ದ.

ಒಂದು ಮಂಗಳವಾರ ಅವನ ಮುಖ ಬಾಡಿತ್ತು.

"ನಮ್ಮಕ್ಕನಿಗೆ ಆಪರೇಷನ್ ಇದೆ. ಎರಡು ವಾರ ಬರಕ್ಕಾಗಲ್ಲ. ದಿನಾ ಮಣ್ಣಿಗೆ ಒಂದು ಬೆರಳು ಇಳಿಸಿ ನೋಡಿ. ಮೇಲೆ ಒಣಗಿದ್ರೆ ಮಾತ್ರ ನೀರು. ಪೂರ್ತಿ ಒಣಗಕ್ಕೆ ಬಿಡಬೇಡಿ, ಎಲೆ ಒಂದ್ಸಲ ಗರಿಗರಿಯಾದ್ರೆ ಮತ್ತೆ ಹಸಿರಾಗಲ್ಲ."

"ಬೆರಳಾ? ಮಣ್ಣಿಗಾ? ನನ್ನ ಕೈಲಾಗಲ್ಲ!"

ಅವನು ಹೊರಟುಹೋದ.

ಎರಡು ವಾರ ಕಳೆದು ಬಂದಾಗ ಗಿಡದ ಎಲೆಯೆಲ್ಲ ಹಪ್ಪಳದಂತಾಗಿತ್ತು. ಮುಟ್ಟಿದರೆ ಪುಡಿ ಪುಡಿ!

"ಕೊಂದೇಬಿಟ್ರಲ್ಲ!" ಅವನು ಪುಡಿಯಾದ ಎಲೆಯನ್ನು ಅವಳ ಮುಂದೆ ಹಿಡಿದ. "ಹೇಸಿಗೆ ಅಂದ್ರೆ ಇಷ್ಟೊಂದಾ? ಬಾಯಿಲ್ಲದ ಗಿಡ ಅದು..."

ಅವಳು ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ಕೆಳಗಿಟ್ಟಳು. ಅಂದ್ಕೊಳ್ಳಲಿ ಬಿಡು... ನಾನು ಅಂಥವಳೇ ತಾನೆ? ಕಣ್ಣು ತುಂಬಿಬಂತು. ಎದ್ದು ಹೊರಗೆ ಹೋಗಿಬಿಟ್ಟಳು.

ಮೂಲೆಯಲ್ಲಿ ಹಲ್ಲುಗಳಿಗೆ ಪಾಲಿಶ್ ಕೊಡುತ್ತಿದ್ದ ಮುದುಕ ಮಿಷನ್ ನಿಲ್ಲಿಸಿದ.

"ಏನಪ್ಪಾ, ಆ ಹುಡುಗಿಗೆ ಯಾಕೆ ಬೈದೆ? ದಿನಾ ಮೂಗು ಮುಚ್ಕೊಂಡು ಬೆರಳು ಹಾಕಿ ನೋಡೋಳು, ನೀರು ಹಾಕೋಳು, ಆಮೇಲೆ ಬಚ್ಚಲಿಗೆ ಓಡಿ ವಾಂತಿ ಮಾಡ್ಕೊಳ್ಳೋಳು. ನಾನೂ ಪಾಪ ಅಂತ ಸಂಜೆ ಹೊತ್ತು ಹಲ್ಲಿನ ಅಚ್ಚು ಮಾಡೋ ಪ್ಲಾಸ್ಟರ್ ತೊಳೆದ ನೀರು ಸುರೀತಿದ್ದೆ. ಸುಣ್ಣದ ಹಾಗಲ್ವಾ ಅದು, ಗಿಡಕ್ಕೆ ಬಲ ಬರಲಿ ಅಂತ..."

ಗಿಡದವನು ಮಣ್ಣು ಕೆದಕಿದ. ಬೆರಳು ಇಳಿಯುವಷ್ಟು ಮೇಲ್ಮಣ್ಣಿನ ಕೆಳಗೆ ಬಿಳಿ ಪ್ಲಾಸ್ಟರ್ ಕಲ್ಲಾಗಿ ಕೂತಿತ್ತು. ಅವಳು ಹಾಕಿದ ನೀರು ಬೇರಿಗೆ ಇಳಿಯದೆ ಕುಂಡದ ಅಂಚಿನಿಂದಲೇ ಜಾರಿಹೋಗಿತ್ತು. ಅಯ್ಯೋ... ಎಂಥ ಮಾತಾಡಿಬಿಟ್ಟೆ ನಾನು!

ಅವಳು ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಳು. ಅವನು ಎರಡು ಮೆಟ್ಟಿಲು ಕೆಳಗೆ ಕೂತ.

"ತಪ್ಪಾಯ್ತು ಮೇಡಂ. ಪಾಲಿಶ್ ಮಾಮ ಎಲ್ಲಾ ಹೇಳಿದ್ರು. ವಾಂತಿ ಮಾಡ್ಕೊಂಡು ಯಾಕೆ ನೀರು ಹಾಕಿದ್ರಿ? ಬಿಟ್ಟುಬಿಡಬಹುದಿತ್ತಲ್ಲ!"

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಅಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ರು. ಬೆನ್ನೆಲ್ಲ ಹುಣ್ಣು, ಕೀವು. ಆ ವಾಸನೆ ಮುಚ್ಚಕ್ಕೆ ಕೋಣೆ ತುಂಬ ನೀಲಗಿರಿ ಎಣ್ಣೆ ಚಿಮುಕಿಸ್ತಿದ್ದೆ. ಕೊನೆಗೆ ಎರಡೂ ಒಂದೇ ವಾಸನೆ ಆಗೋಯ್ತು... ಸಾಯೋ ದಿನ ಅಮ್ಮ ನನ್ನ ಕೆನ್ನೆ ಮುಟ್ಟಕ್ಕೆ ಕೈ ಚಾಚಿದ್ರು. ನಾನು ಮುಖ ತಿರುಗಿಸಿಬಿಟ್ಟೆ! ಅಮ್ಮ ನೋಡಿದ್ರು. ಹೆತ್ತ ತಾಯಿ ಮೇಲೇ ಅಸಹ್ಯ ಪಟ್ಟೋಳು ನಾನು. ಯಾರ ಹತ್ರಾನೂ ಹೇಳಿಲ್ಲ..."

ಅವನು ಸಮಾಧಾನದ ಮಾತಾಡಲಿಲ್ಲ. "ಹುಣ್ಣು ಯಾರು ತೊಳೀತಿದ್ರು?" ಎಂದಷ್ಟೇ ಕೇಳಿದ.

"ನಾನೇ."

"ದಿನಾ?"

"ದಿನಾ. ಬೆಳಿಗ್ಗೆ, ಸಂಜೆ."

"ನೀವು ಮುಖ ತಿರುಗಿಸಿದ್ದನ್ನ ನೋಡಿದ ಅಮ್ಮ ಇದನ್ನ ನೋಡಿರಲ್ವಾ?" ಅವನು ತನ್ನ ಉಗುರುಗಳನ್ನೇ ನೋಡಿಕೊಂಡ. "ಕೊಳೆತ ಬೇರು ಕೀಳುವಾಗ ನನಗೂ ಈಗಲೂ ವಾಕರಿಕೆ ಬರುತ್ತೆ. ಹದಿನೈದು ದಿನ ಆಸ್ಪತ್ರೇಲಿ ಅಕ್ಕನ ಗಾಯದ ಬಟ್ಟೆ ಬದಲಿಸುವಾಗಲೂ ಬಂತು. ಬಂತು ಅಂತ ಅಕ್ಕನ ಮೇಲೆ ಪ್ರೀತಿ ಇಲ್ಲ ಅಂತಾನಾ?"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಕರವಸ್ತ್ರ ತೆಗೆದ. ಅದು ಮಣ್ಣಾಗಿರುವುದನ್ನು ಕಂಡು ಸಂಕೋಚದಿಂದ ಮತ್ತೆ ಜೇಬಿಗೆ ತುರುಕಿದ.

ಆ ದಿನವೇ ಅವನು ಡಾಕ್ಟರಮ್ಮನಿಗೆ ಹೇಳಿ ಕುಂಡವನ್ನು ತನ್ನ ಮನೆಗೆ ಒಯ್ದ. ಪ್ಲಾಸ್ಟರ್ ಒಡೆದು, ಬೇರು ತೊಳೆದು, ನೀರು ಬಸಿದುಹೋಗುವಂಥ ಹೊಸ ಮಣ್ಣಿಗೆ ಹಾಕಿದ. ಒಣಗಿದ ಕಾಂಡವನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದ. ಮಂಗಳವಾರಗಳು ಮಾತ್ರ ತಪ್ಪಲಿಲ್ಲ. ನೋಡಿಕೊಳ್ಳಲು ಗಿಡವಿಲ್ಲದ ಕಿಟಕಿಯ ಬಳಿ ನಿಂತು ಅವನು ಹರಟುತ್ತಿದ್ದ. ಅವಳು ಎರಡು ಲೋಟ ಚಹಾ ತರಿಸುತ್ತಿದ್ದಳು.

ಆರನೇ ವಾರ ಫೋನ್ ಬಂತು. "ಚಿಗುರಿದೆ! ಬಂದು ನೋಡ್ತೀರಾ?"

ಭಾನುವಾರ ಅವಳು ಅವನ ಮನೆಗೆ ಹೋದಳು. ಬಾಗಿಲು ತೆರೆದ ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓ, ಮಂಗಳವಾರದೋರಾ? ಬಾಮ್ಮಾ ಒಳಗೆ!" ಎಂದು ನಕ್ಕು ಅಡುಗೆಮನೆ ಸೇರಿಬಿಟ್ಟಳು.

ಕಿಟಕಿಯಲ್ಲಿ ಬೋಳು ಮೋಟು. ಅದರ ಬುಡದಿಂದ ನಾಲ್ಕೈದು ಎಳೆ ಕುಡಿ. ಅವಳು ಬಗ್ಗಿ ಮೂಸಿದಳು. ಮರುಕ್ಷಣವೇ ಬಾಯಿಗೆ ಕೈ ಅಡ್ಡ ಹಿಡಿದಳು.

"ವ್ಯಾಕ್! ಈಗಲೂ ಅಸಹ್ಯಾನೇ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ಇದನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ನೀವು ಈ ಮನೇಲಿ ಇರೋದಾದ್ರೆ..."

"ಇರೋದಾದ್ರೆ...?"

ಅವನ ಕಿವಿ ಕೆಂಪಾಯಿತು. "ಇರ್ತೀರಾ ಅಂತ ಕೇಳಬೇಕಿತ್ತು. ಧೈರ್ಯ ಬರ್ತಿಲ್ಲ."

ಅವಳು ಕಿಟಕಿಯ ಬಾಗಿಲನ್ನು ಪೂರ್ತಿ ತೆರೆದಳು. ಗಾಳಿ ನುಗ್ಗಿ ಬಂತು.

"ಯಾರಿಗೂ ಕೊಡಬೇಡಿ. ಹೊರಗಿನ ಕಟ್ಟೆ ಮೇಲಿಡಿ, ಅಲ್ಲೂ ಬಿಸಿಲಿದೆ."

"ಅಂದ್ರೆ...?"

ಅವಳು ಅವನ ಕೈ ಹಿಡಿದುಕೊಂಡಳು.

"ಅಂದ್ರೆ, ಅಕ್ಕನ್ನ ಕರೀರಿ. ನಿಮ್ಮ ಬಾಯಲ್ಲಿ ಬರದೇ ಇರೋದನ್ನ ಅವರ ಮುಂದೆ ನಾನೇ ಹೇಳ್ತೀನಿ!"